ಐಡಿಪಿ ಕೊಡುವಾಗ ಆರು ತಿಂಗಳ ನಿಯಮವನ್ನೂ ತಿಳಿಸಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನಿಂದ ಜರ್ಮನಿಗೆ ಕೆಲಸಕ್ಕೆಂದು ಬರುವ ನಮ್ಮವರಲ್ಲಿ ಅನೇಕರು ಹೊರಡುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಅಂದರೆ ಐಡಿಪಿ, ಮಾಡಿಸಿಕೊಳ್ಳುತ್ತಾರೆ. ಅದರ ಅವಧಿ ಒಂದು ವರ್ಷವಾದ್ದರಿಂದ ಇಲ್ಲಿಯೂ ಒಂದು ವರ್ಷ ಕಾರು ಓಡಿಸಬಹುದೆಂದು ತಿಳಿಯುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಐಡಿಪಿ ಎಂಬುದು ಇಲ್ಲಿ ನಮ್ಮ ಡಿಎಲ್‌ನ ಅನುವಾದಕ್ಕೆ ಸಮವಷ್ಟೇ. ಜರ್ಮನಿಯಲ್ಲಿ ವಾಸ ಆರಂಭಿಸಿ 6 ತಿಂಗಳಾದರೆ, ಐಡಿಪಿಯಲ್ಲಿ ಯಾವ ದಿನಾಂಕವಿದ್ದರೂ, ಭಾರತದ ಡಿಎಲ್ ತೋರಿಸಿ ವಾಹನ ಓಡಿಸುವಂತಿಲ್ಲ. ಓಡಿಸಿದರೆ ಅದು ಪರವಾನಗಿಯಿಲ್ಲದ ಚಾಲನೆ. ಒಂದು ವರ್ಷದವರೆಗೆ ಜೈಲು ವಿಧಿಸಲು ಅವಕಾಶವಿರುವ ಅಪರಾಧ.

ಜಪಾನ್, ದಕ್ಷಿಣ ಕೊರಿಯಾ, ಸಿಂಗಪುರ, ದಕ್ಷಿಣ ಆಫ್ರಿಕಾ ಮುಂತಾದ ದೇಶಗಳವರು ತಮ್ಮ ಪರವಾನಗಿಯನ್ನು ಪರೀಕ್ಷೆಯಿಲ್ಲದೆ ಇಲ್ಲಿನದಕ್ಕೆ ಬದಲಾಯಿಸಿಕೊಳ್ಳಬಹುದು. ಆ ಪಟ್ಟಿಯಲ್ಲಿ ಭಾರತವಿಲ್ಲ. ನಾವು ಕಣ್ಣಿನ ತಪಾಸಣೆ, ಪ್ರಥಮ ಚಿಕಿತ್ಸೆಯ ತರಬೇತಿ ಮುಗಿಸಿ ಲಿಖಿತ ಮತ್ತು ಚಾಲನಾ ಪರೀಕ್ಷೆಗಳೆರಡರಲ್ಲೂ ತೇರ್ಗಡೆಯಾಗಬೇಕು. ಹೊಸಬರಿಗಿರುವ ಕಡ್ಡಾಯ ತರಗತಿಗಳು ನಮಗಿಲ್ಲ, ಆದರೆ ಡ್ರೈವಿಂಗ್ ಸ್ಕೂಲ್ ಮೂಲಕವೇ ಪರೀಕ್ಷೆಗೆ ಹೋಗಬೇಕು. ಲಿಖಿತ ಪರೀಕ್ಷೆಯನ್ನು ಇಂಗ್ಲಿಷ್, ಟರ್ಕಿಷ್, ಅರೇಬಿಕ್ ಸೇರಿದಂತೆ 12 ಪರಭಾಷೆಗಳಲ್ಲಿ ಬರೆಯಬಹುದಾದರೂ ಭಾರತದ ಯಾವ ಭಾಷೆಯೂ ಅದರಲ್ಲಿಲ್ಲ.

ಶಿರಾಡಿ ಘಾಟಿಯಲ್ಲಿ ಮಳೆಗಾಲದ ರಾತ್ರಿಗಳಲ್ಲೂ ಕಾರು ಓಡಿಸಿದ ನಾನು ಮೊದಲ ಚಾಲನಾ ಪರೀಕ್ಷೆಯಲ್ಲಿ ಅನುತ್ತೀರ್ಣನಾದೆ. ಯಾವ ಫಲಕವೂ ಇಲ್ಲದ ಬಡಾವಣೆಯ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ಮೊದಲು ದಾರಿ ಬಿಡಬೇಕೆಂಬುದು ಇಲ್ಲಿನ ನಿಯಮ. ಬಲದಿಂದ ಬಂದ ಸಣ್ಣ ಕಾರನ್ನು ನಾನು ಗಮನಿಸಲೇ ಇಲ್ಲ, ಪರೀಕ್ಷಕರು ಅಲ್ಲಿಗೇ ನಿಲ್ಲಿಸಿದರು. ಅವರ ತೀರ್ಮಾನ ಸರಿಯಾಗಿಯೇ ಇತ್ತು. ಪರೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಅರ್ಜಿಗೆ ಒಪ್ಪಿಗೆ ಸಿಗಲು ವಾರಗಟ್ಟಲೆ ಹಿಡಿಯುವುದರಿಂದ ಬಂದ ಮೊದಲ ತಿಂಗಳಲ್ಲೇ ಅರ್ಜಿ ಹಾಕಬೇಕಿತ್ತು. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಎಚ್ಚೆತ್ತೆ. ಅವಧಿ ಮೀರಿದರೂ ಪರವಾನಗಿ ಬದಲಾಯಿಸಿಕೊಳ್ಳಲು ಅಡ್ಡಿಯಿಲ್ಲ. ಅದು ಕೈಸೇರುವವರೆಗೆ ಕಾರು ಮುಟ್ಟುವಂತಿಲ್ಲ, ಅಷ್ಟೇ. ಬಸ್ಸು ವಿರಳವಾಗಿರುವ ಹಳ್ಳಿಯಲ್ಲಿ ಚಿಕ್ಕ ಮಕ್ಕಳೊಂದಿಗೆ ಇರುವವರಿಗೆ ಆ ತಿಂಗಳುಗಳು ಬಹಳ ಕಷ್ಟದವು.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿ ಹೇಳಲೇಬೇಕು. ಇಲ್ಲಿ ನೆಲೆಸಿದ ಮೇಲೆ ರಜೆಗೆ ಊರಿಗೆ ಹೋದಾಗ ಹೊಸದಾಗಿ ಡಿಎಲ್ ಮಾಡಿಸಿಕೊಂಡು ಬಂದರೆ ಸಾಕೆಂದು ಕೆಲವರು ಭಾವಿಸುತ್ತಾರೆ. ಜರ್ಮನಿಯ ನಿವಾಸಿಯಾಗಿದ್ದಾಗ ಹಾಗೆ ಪಡೆದ ಪರವಾನಗಿಯಿಂದ ಇಲ್ಲಿ ಒಂದು ದಿನವೂ ವಾಹನ ಓಡಿಸಲಾಗದು.

ರಾಜ್ಯದ ಸಾರಿಗೆ ಇಲಾಖೆಯು ಐಡಿಪಿ ನೀಡುವಾಗ, ಅದು ಪ್ರವಾಸಿಗರಿಗೆ ಅನುಕೂಲವೇ ಹೊರತು ಹೊರದೇಶದಲ್ಲಿ ನೆಲೆಸುವವರಿಗೆ ಅಲ್ಲಿನ ಪರವಾನಗಿಗೆ ಬದಲಿಯಲ್ಲ ಎಂಬುದನ್ನು ತಿಳಿಸುವ ಒಂದು ಪುಟದ ಸೂಚನೆಯನ್ನು ಕನ್ನಡದಲ್ಲಿ ಮುದ್ರಿಸಿ ಜೊತೆಗೆ ಕೊಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ಮೈಸೂರು ಮೂಲದ ಓದುಗ, ಜರ್ಮನಿ