ವಿಷಯ: ಯೂರೋಪ್ ಕ್ರೂಸ್‌ನ ಮೊದಲ ದಿನ ನಿಮ್ಮ ಟೂರ್ ಮ್ಯಾನೇಜರ್‌ರಿಂದ ಆದ ತೊಂದರೆ ಕುರಿತು

ಮೈಸೂರು
2 ಜೂನ್ 2025

ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಮೇ 18ರಂದು ಇಟಲಿಯ ಚಿವಿತಾವೆಕ್ಕಿಯಾ ಬಂದರಿನಲ್ಲಿ ನಾನು, ನನ್ನ ಹೆಂಡತಿ ಮತ್ತು 74 ವರ್ಷದ ನನ್ನ ತಾಯಿ ನಿಮ್ಮ 28 ಜನರ ಗುಂಪಿನ ಜೊತೆ ಹಡಗು ಹತ್ತಿದೆವು. ಹಡಗಿನವರ ಮೇಲೆ ನನ್ನ ದೂರಿಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಫೋನ್ ಮಾಡಿದಾಗ ನಿಮ್ಮವರು ಎಲ್ಲವನ್ನೂ ಅವರ ತಲೆಗೆ ಕಟ್ಟಲು ನೋಡಿದರು.

ಅಮ್ಮನಿಗೆ ಮಧ್ಯಾಹ್ನ, ರಾತ್ರಿ ಊಟಕ್ಕೆ ಮುಂಚೆ ಇನ್ಸುಲಿನ್ ಬೇಕು. ಬುಕಿಂಗ್ ಫಾರಂನಲ್ಲಿ ಇದನ್ನು ಬರೆದಿದ್ದೇನೆ. ಪೆನ್, ಸೂಜಿ, ಶುಗರ್ ನೋಡುವ ಮೆಷೀನ್ ಎಲ್ಲಾ ಒಂದು ಚಿಕ್ಕ ನೀಲಿ ಬ್ಯಾಗಿನಲ್ಲಿದ್ದವು. ಬೆಂಗಳೂರಿನಿಂದ ರೋಮ್‌ವರೆಗೂ ಅದು ಅಮ್ಮನ ಮಡಿಲು ಬಿಟ್ಟು ಇಳಿದಿರಲಿಲ್ಲ. ಟರ್ಮಿನಲ್ಲಿನಲ್ಲಿ ನಿಮ್ಮ ಮ್ಯಾನೇಜರ್ ಅದಕ್ಕೂ ಒಂದು ಲಗೇಜ್ ಟ್ಯಾಗ್ ಸಿಕ್ಕಿಸಿ ಪೋರ್ಟರ್ ಗಾಡಿಗೆ ಹಾಕಿಸಿದರು. ಔಷಧಿ ಇದೆ ಎಂದು ನನ್ನ ಹೆಂಡತಿ ಎರಡು ಸಲ ಹೇಳಿದಳು. "ಕೈಯಲ್ಲಿ ಏನೂ ಇಟ್ಕೋಬೇಡಿ ಮೇಡಂ, ನೀವು ರೂಮಿಗೆ ಹೋಗೋಷ್ಟರಲ್ಲಿ ಬ್ಯಾಗ್ ಅಲ್ಲಿರುತ್ತೆ" ಎಂದರು. ಪೋರ್ಟರ್‌ಗೆ ಕೊಟ್ಟ ಸಾಮಾನು ಕ್ಯಾಬಿನ್‌ಗೆ ಬರುವುದು ಸಂಜೆಯೋ ರಾತ್ರಿಯೋ ಎಂದು ಕ್ರೂಸ್ ಹತ್ತಿದವರಿಗೆಲ್ಲಾ ಗೊತ್ತು. ನಾವು ಹೊಸಬರು, ನಂಬಿದೆವು. ಹದಿನಾಲ್ಕು ಟ್ರಿಪ್ ಮಾಡಿದ್ದೇನೆ ಎಂದು ಬಸ್ಸಿನಲ್ಲಿ ಹೇಳಿಕೊಂಡ ಅವರು ಹೊಸಬರಲ್ಲ.

ಎರಡು ಗಂಟೆಗೆ ಅಮ್ಮ ಹಸಿವು ತಾಳಲಾರದೆ ನಾಲ್ಕು ಚಮಚ ಅನ್ನ ತಿಂದರು. ಐದಕ್ಕೆ ಬಾಯಾರಿಕೆ, ಆರಕ್ಕೆ ತಲೆಸುತ್ತು. ಮ್ಯಾನೇಜರ್‌ಗೆ ಏಳು ಸಲ ಫೋನ್ ಮಾಡಿದೆ. ಕೊನೆಗೆ ಮಹಡಿ ನೋಡಿಕೊಳ್ಳುವ ಹುಡುಗನೇ ಅಮ್ಮನನ್ನು ವೀಲ್‌ಚೇರಿನಲ್ಲಿ ಕೂರಿಸಿ ಹಡಗಿನ ಆಸ್ಪತ್ರೆಗೆ ಕರೆದೊಯ್ದ. ನರ್ಸ್ ಬೆರಳು ಚುಚ್ಚಿ "15.9" ಎಂದಾಗ, ಅಯ್ಯೋ ಇಷ್ಟು ಕಡಿಮೆಯೇ ಎಂದು ನಾವು ಗಾಬರಿಯಾದೆವು. ಅವರ ಮೆಷೀನಿನ ಅಳತೆಯೇ ಬೇರೆ. ನಮ್ಮ ಲೆಕ್ಕಕ್ಕೆ ತರಲು 18ರಿಂದ ಗುಣಿಸಬೇಕಂತೆ. ಆಕೆಯೇ ಚೀಟಿಯ ಮೇಲೆ ಗುಣಿಸಿ ತೋರಿಸಿದಳು: 286. ಇನ್ಸುಲಿನ್ ಕೊಟ್ಟು ಒಂದು ಗಂಟೆ ಮಲಗಿಸಿಕೊಂಡರು. ಬಿಲ್ 96 ಯೂರೋ, ನಮ್ಮ ಕ್ಯಾಬಿನ್ ಖಾತೆಗೆ. ನೀಲಿ ಬ್ಯಾಗ್ ಬಾಗಿಲ ಮುಂದೆ ಬಂದಾಗ ರಾತ್ರಿ 9:40.

ಇನ್ನೊಂದು ವಿಷಯ ಇದಕ್ಕಿಂತ ಗಂಭೀರ. ಹಡಗು ಹೊರಡುವ ಮುಂಚೆ ಸುರಕ್ಷತಾ ಡ್ರಿಲ್ ಇರುತ್ತದೆ: ಅಪಾಯವಾದರೆ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ತೊಡಬೇಕು ಎಂದು ತಿಳಿಸಲು. ನಿಮ್ಮ ಮ್ಯಾನೇಜರ್ ವಾಟ್ಸಾಪ್ ಗ್ರೂಪಿಗೆ ಹಾಕಿದ ಮೆಸೇಜ್ ಇದು: "ಡ್ರಿಲ್ ಎಲ್ಲಾ ಫಾರ್ಮಾಲಿಟಿ, ಯಾರೂ ಹೋಗಬೇಡಿ. ಎಲ್ಲರೂ ಪೂಲ್ ಡೆಕ್‌ಗೆ ಬನ್ನಿ, ಗ್ರೂಪ್ ಫೋಟೋ ಇದೆ." ಆಮೇಲೆ ಸಾಲ ಕಟ್ಟದವರ ಹೆಸರು ಕೂಗುವ ಹಾಗೆ ಹಡಗಿನವರು ನಮ್ಮ ಕ್ಯಾಬಿನ್ ನಂಬರುಗಳನ್ನು ಮೈಕಿನಲ್ಲಿ ಕೂಗಿದರು. ಸಿಬ್ಬಂದಿ ಬಂದು ಗುಂಪನ್ನೆಲ್ಲಾ ಕರೆದುಕೊಂಡು ಹೋಗಬೇಕಾಯಿತು. ತಲೆಸುತ್ತುತ್ತಿದ್ದ ಅಮ್ಮನೂ ಹೋಗಬೇಕಾಯಿತು. ಅಲ್ಲಿ ಹೇಳಿದ್ದರಲ್ಲಿ ಅವರಿಗೆ ಒಂದಕ್ಷರ ಅರ್ಥವಾಗಲಿಲ್ಲ. ಕನ್ನಡದಲ್ಲಿ ಹೇಳಬೇಕಿದ್ದವರು ಫೋಟೋಗ್ರಾಫರ್ ಹುಡುಕುತ್ತಿದ್ದರು.

2012ರ ಜನವರಿ 13ರಂದು ಇದೇ ಬಂದರಿನಿಂದ ಸಂಜೆ ಹೊರಟ ಕೋಸ್ಟಾ ಕಾನ್ಕಾರ್ಡಿಯಾ ಎಂಬ ಕ್ರೂಸ್ ಹಡಗು ಅದೇ ರಾತ್ರಿ ಜಿಲಿಯೋ ದ್ವೀಪದ ಬಂಡೆಗೆ ಬಡಿದು 32 ಜನ ಸತ್ತರು. ಆ ದಿನ ಇಲ್ಲಿ ಹತ್ತಿದವರಿಗೆ ಡ್ರಿಲ್ ಆಗಿರಲಿಲ್ಲ. ಆಗ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. ಹೊರಡುವ ಮುಂಚೆ ಅಥವಾ ಹೊರಟ ತಕ್ಷಣವೇ ಆಗಬೇಕೆಂಬ ನಿಯಮ ಜಾರಿಗೆ ಬಂದದ್ದು 2015ರಿಂದ. ನಿಮ್ಮವರ ಬಾಯಲ್ಲಿ ಅದು ಫಾರ್ಮಾಲಿಟಿ.

ರೋಮ್ ವಿಷಯಕ್ಕೆ ಬರುತ್ತೇನೆ. "ಬಂದರಿಗೆ ಹೋಗುವ ದಾರಿಯಲ್ಲಿ ರೋಮ್ ನಗರ ದರ್ಶನ" ಎಂದು ನಿಮ್ಮ ಕಾರ್ಯಕ್ರಮ ಪಟ್ಟಿಯಲ್ಲಿದೆ. ರೋಮ್‌ನ ಫಿಯುಮಿಚಿನೋ ವಿಮಾನ ನಿಲ್ದಾಣ ಇರುವುದೇ ಸಮುದ್ರದ ಕಡೆ. ಅಲ್ಲಿಂದ ಬಂದರಿಗೆ ಹೋಗುವವರು ರೋಮ್ ಊರೊಳಗೆ ಕಾಲಿಡುವುದಿಲ್ಲ. ನಾವು ನೋಡಿದ ರೋಮ್ ಎಂದರೆ ಹೆದ್ದಾರಿಯಲ್ಲಿ "ರೋಮಾ" ಎಂದು ಬರೆದಿದ್ದ ಒಂದು ಹಸಿರು ಬೋರ್ಡು.

ಭಾರತೀಯ ಸಸ್ಯಾಹಾರಿ ಊಟ ಎಂದು ಆ ರಾತ್ರಿ ಸಿಕ್ಕಿದ್ದು ಬೇಯಿಸಿದ ಬಟಾಣಿ, ಆಲೂಗಡ್ಡೆ. ಕೋಡುಬಳೆ ಇತ್ತು, ಬದುಕಿದೆವು. ಇದಕ್ಕೆ ಪರಿಹಾರ ಕೇಳುತ್ತಿಲ್ಲ.

ಕೇಳುತ್ತಿರುವುದು ಇಷ್ಟು: ಆಸ್ಪತ್ರೆಯ 96 ಯೂರೋ, ಮೂವರಿಗೂ ರೋಮ್ ದರ್ಶನದ ಹಣ, "ಟೂರ್ ಮ್ಯಾನೇಜರ್ ಸೇವೆ" ಎಂದು ಪಡೆದ ಶುಲ್ಕದಲ್ಲಿ ಮೊದಲ ದಿನದ ಪಾಲು. ಜೊತೆಗೆ, ಡ್ರಿಲ್‌ಗೆ ಹೋಗಬೇಡಿ ಎಂದದ್ದು ಕಂಪನಿಯ ಸೂಚನೆಯೋ ಅವರದೇ ತೀರ್ಮಾನವೋ ಎಂಬುದಕ್ಕೆ ಲಿಖಿತ ಉತ್ತರ. ಮುಂದಿನ ಪ್ರವಾಸದ ಮೇಲೆ ಶೇ 10 ರಿಯಾಯಿತಿ ಕೂಪನ್ ಕಳಿಸಿದ್ದೀರಿ, ಅದು ಬೇಡ.

15 ದಿನದೊಳಗೆ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ಗ್ರಾಹಕ ಇರುವ ಊರಿನಲ್ಲೇ ಕೇಸು ಹಾಕಲು ಆ ಕಾಯ್ದೆಯಲ್ಲಿ ಅವಕಾಶವಿದೆ, ನಿಮ್ಮ ಕಚೇರಿ ಬೆಂಗಳೂರಿನಲ್ಲಿದ್ದರೂ.

ಆಸ್ಪತ್ರೆ ಬಿಲ್, ಬುಕಿಂಗ್ ಫಾರಂ, ಕಾರ್ಯಕ್ರಮ ಪಟ್ಟಿ, ವಾಟ್ಸಾಪ್ ಮೆಸೇಜಿನ ಪ್ರತಿಗಳನ್ನು ಲಗತ್ತಿಸಿದ್ದೇನೆ. ನರ್ಸ್ ಬರೆದುಕೊಟ್ಟ ಗುಣಾಕಾರದ ಚೀಟಿಯೂ ಇದೆ; ಅದರ ಮೂಲಪ್ರತಿ ನನ್ನ ಬಳಿಯೇ ಇರುತ್ತದೆ.

ಇತಿ,
ನಿಮ್ಮ ಗ್ರಾಹಕ