ಡ್ಯಾಂ ಮಳೆ ತರಲ್ಲ, ಆದರೆ ಬಿಸಿಲು ತಗ್ಗಿಸುತ್ತದೆ

ಸಂಪಾದಕರೇ,

ತುಂಗಭದ್ರಾ ಡ್ಯಾಂ ತುಂಬಿದಾಗಲೆಲ್ಲ ನಮ್ಮ ಮುನಿರಾಬಾದ್ ಕಡೆಯ ಚಹಾದಂಗಡಿಯಲ್ಲಿ ಒಂದೇ ಮಾತು: "ಇಷ್ಟು ನೀರು ನಿಂತೈತಿ, ಇನ್ನ ಮಳಿ ತಾನ ಬರ್ತೈತಿ." ಇದು ತಿರುವುಮುರುವು ಲೆಕ್ಕ. ಮಲೆನಾಡಲ್ಲಿ ಮಳೆ ಸುರಿದು ತುಂಗೆ, ಭದ್ರೆ ಉಕ್ಕಿದ ಮೇಲೆ ತಾನೇ ನಮ್ಮ ಡ್ಯಾಂ ತುಂಬೋದು? ಮುಂಗಾರು ಚೆನ್ನಾಗಿದ್ದ ವರ್ಷ ಇಲ್ಲೂ ನಾಲ್ಕು ಹನಿ ಜಾಸ್ತಿ ಬೀಳುತ್ತದೆ, ಅದನ್ನು ಡ್ಯಾಂ ಹೆಸರಿಗೆ ಬರೆದುಬಿಡುತ್ತೇವೆ.

ಹಾಗಂತ ನೀರಿಗೂ ಹವೆಗೂ ಸಂಬಂಧವೇ ಇಲ್ಲ ಅನ್ನಬೇಡಿ. ಜನವರಿಯಲ್ಲಿ ನಸುಕಿಗೆ ಹಿನ್ನೀರಿನ ದಂಡೆಗೆ ಹೋಗಿ ನೋಡಿ. ಅಂಗಾಲಿಗೆ ಮಣ್ಣು ಕೊರೆಯುತ್ತದೆ, ಒಂದು ಹೆಜ್ಜೆ ನೀರಿಗಿಟ್ಟರೆ ಬೆಚ್ಚಗೆ. ನೀರು ನಿಧಾನ ಕಾಯುತ್ತದೆ, ನಿಧಾನ ಆರುತ್ತದೆ, ನೆಲ ಎರಡನ್ನೂ ಅವಸರದಲ್ಲಿ ಮಾಡುತ್ತದೆ. ಹಗಲು ಕಾದ ನೆಲದ ಮೇಲಿನ ಗಾಳಿ ಮೇಲೇರಿದಾಗ ನೀರಿನ ಮೇಲಿನ ತಂಪು ಗಾಳಿ ದಂಡೆಗೆ ಬೀಸುತ್ತದೆ, ರಾತ್ರಿ ಇದು ಉಲ್ಟಾ.

ಕೆರೆ ಸಮುದ್ರದಷ್ಟು ದೊಡ್ಡದಾದರೆ ಆಟವೇ ಬೇರೆ. ಆಫ್ರಿಕಾದ ವಿಕ್ಟೋರಿಯಾ ಸರೋವರ 68 ಸಾವಿರ ಚದರ ಕಿಲೋಮೀಟರಿಗೂ ಜಾಸ್ತಿ. ರಾತ್ರಿ ಸುತ್ತಲ ದಂಡೆಗಳಿಂದ ಗಾಳಿ ಬಂದು ನೀರಿನ ನಡುವೆ ಸೇರಿ ಸಿಡಿಲು ಮಳೆ ಎಬ್ಬಿಸುತ್ತದೆ, ಬಲೆ ಹಾಕಲು ಹೋದ ಬೆಸ್ತರು ಜೀವ ಕಳೆದುಕೊಳ್ಳುತ್ತಾರೆ. ಅಮೆರಿಕದ ದೊಡ್ಡ ಸರೋವರಗಳ ಮೇಲೆ ಕೆನಡಾದ ಒಣ ಚಳಿಗಾಳಿ ಹಾಯ್ದರೆ ತೇವ ಹೀರಿಕೊಂಡು ಆಚೆ ದಂಡೆಯಲ್ಲಿ ಹಿಮ ಸುರಿಸುತ್ತದೆ. 2014ರ ನವೆಂಬರಿನಲ್ಲಿ ಬಫಲೋ ಊರಿನ ಸುತ್ತ ಕೆಲವು ಕಡೆ 5 ಅಡಿ ದಾಟಿತ್ತು. ನಮ್ಮ ಡ್ಯಾಂ ತುಂಬಿದಾಗ ಹರಡುವುದು 378 ಚದರ ಕಿಲೋಮೀಟರು. ಅದರಿಂದ ಮಳೆ ಬೇಡುವುದು ಅನ್ಯಾಯ.

ನನ್ನ ಸಂಕಟ ಬೇರೆ ಇದೆ. ಏಪ್ರಿಲ್ ಬಿಸಿಲಿಗೆ ತಂಪು ಬೇಕಾದಾಗಲೇ ಹಿನ್ನೀರು ದೂರ ಸರಿದಿರುತ್ತದೆ, ನೀರು ನಿಂತಿದ್ದ ಜಾಗದಲ್ಲಿ ಅಂಗೈಯಗಲ ಬಿರುಕು ಬಿಟ್ಟ ಎರೆಮಣ್ಣು ಕಾಣುತ್ತದೆ. ಹೂಳು ತುಂಬಿ 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಂ 105ರ ಆಸುಪಾಸಿಗೆ ಬಂದಿದೆ.

ನೀರು ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಮಧ್ಯ ಏಷ್ಯಾದ ಅರಲ್ ಸಮುದ್ರವನ್ನು ನೋಡಿ. ಹೆಸರಿಗೆ ಸಮುದ್ರ, ಆದರೆ ಕೆರೆಯೇ, ಒಂದು ಕಾಲಕ್ಕೆ ಜಗತ್ತಿನ ನಾಲ್ಕನೇ ದೊಡ್ಡದು. 1960ರ ದಶಕದಿಂದ ಅದರ ಎರಡೂ ನದಿಗಳ ನೀರನ್ನು ಹತ್ತಿ ಹೊಲಗಳಿಗೆ ತಿರುಗಿಸಿದರು. ಕೆರೆ ಬತ್ತಿತು. ಸುತ್ತಲ ಬೇಸಿಗೆ ಇನ್ನೂ ಸುಡತೊಡಗಿತು, ಚಳಿಗಾಲ ಇನ್ನೂ ಕೊರೆಯತೊಡಗಿತು, ಒಣಗಿದ ತಳದಿಂದ ಉಪ್ಪಿನ ಧೂಳೆದ್ದು ಹೊಲಗಳ ಮೇಲೆ ಬಿತ್ತು. ಹತ್ತಿ ಬೆಳೆಯುವ ರಾಯಚೂರಿನವರು ಇದನ್ನು ಸುಮ್ನೆ ಓದಿ ಬಿಡಬಾರದು.

ಡ್ಯಾಂ ಹೂಳು ತೆಗೆಯುವುದು ನಮ್ಮ ಕೈಲಾಗುವ ಕೆಲಸವಲ್ಲ, ಒಪ್ಪುತ್ತೇನೆ. ಊರ ಕೆರೆಯ ಹೂಳು ತೆಗೆಯಬಹುದು ಅಲ್ವಾ? ನಾನು ಹುಡುಗನಾಗಿದ್ದಾಗ ಈಜು ಕಲಿತ ಕೆರೆಯ ಅರ್ಧ ಜಾಗದಲ್ಲಿ ಇವತ್ತು ಕಟ್ಟಡದ ಕಲ್ಲುಮಣ್ಣು ಬಿದ್ದಿದೆ. ಕೆರೆ ಇದ್ದಾಗ ಆ ದಂಡೆಯ ಬೇವಿನ ಕೆಳಗೆ ಮಧ್ಯಾಹ್ನ ಮಲಗಬಹುದಿತ್ತು, ಈಗ ಅಲ್ಲಿ ಐದು ನಿಮಿಷ ಕೂರಲಾಗುವುದಿಲ್ಲ. ಕಾಲುವೆ ನೀರು ನಿಲ್ಲಿಸುವ ಮುಂಚೆ ಕೊಪ್ಪಳ, ರಾಯಚೂರು, ಬಳ್ಳಾರಿಯ ಕೆರೆಗಳನ್ನು ತುಂಬಿಸಿಕೊಡಿ ಎಂದು ಅಧಿಕಾರಿಗಳಲ್ಲಿ ಕೇಳಿಕೊಳ್ಳುತ್ತೇನೆ. ನಿಮ್ಮಲ್ಲೂ ಒಂದು ವಿನಂತಿ: ಬೇಸಿಗೆಯಲ್ಲಿ ಊರೊಳಗಿನ ಉಷ್ಣಾಂಶದ ಪಕ್ಕದಲ್ಲಿ ಕೆರೆ ದಂಡೆಯದ್ದನ್ನೂ ಅಳೆಸಿ ಹಾಕಿ.

ನಿಮ್ಮ ಓದುಗ,
ಮುನಿರಾಬಾದ್, ಕೊಪ್ಪಳ ಜಿಲ್ಲೆ