ನಿನ್ನ ಪತ್ರದ ಆ ಒಂದು ಸಾಲು

ಚಿ. ಅನುವಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಮಂಗಳವಾರ ಕೈ ಸೇರಿತು. ಛತ್ರ, ಸೀರೆ, ಅಡುಗೆಯವರ ವಿಚಾರ ಎಲ್ಲಾ ನಿಮ್ಮಮ್ಮ ಫೋನಿನಲ್ಲಿ ಹೇಳಿಯಾಗಿದೆ. ಕೊನೆಯಲ್ಲಿ, ಸಹಿಯ ಮೇಲೆ, ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದೀಯಲ್ಲ, ಈ ಕಾಗದ ಅದಕ್ಕೇ. "ಹುಡುಗ ಒಳ್ಳೆಯವನು ದೊಡ್ಡಮ್ಮ. ಆದ್ರೆ ಎಲ್ಲರೂ ಹೇಳೋ ಹಾಗೆ ನನಗೇನೂ ಆಗ್ತಿಲ್ಲ. ನನಗೆ ಪ್ರೀತಿ ಮಾಡೋಕೇ ಬರಲ್ವೇನೋ."

ಸಂಜೆ ದೀಪ ಹಚ್ಚುವಾಗಲೂ ಅದೇ ಸಾಲು ತಲೆಯಲ್ಲಿ. ರಾತ್ರಿ ಎದ್ದು ಮತ್ತೆ ಓದಿದೆ.

ಇಷ್ಟು ವರ್ಷ ಮಕ್ಕಳಿಗೆ ಕನ್ನಡ ಹೇಳಿಕೊಟ್ಟವಳು ನಾನು. ಮನಸ್ಸು ಕೆಟ್ಟಾಗ ಕೈ ನಿಘಂಟಿನ ಕಡೆ ಹೋಗುತ್ತೆ. ಕಿಟೆಲ್ಲರ ನಿಘಂಟು ತೆಗೆದೆ. ಜರ್ಮನಿಯಿಂದ ಬಂದ ಪಾದ್ರಿ ಅವರು. ಸುಮಾರು 70,000 ಪದ ಕೂಡಿಹಾಕಿ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಪ್ರೀತಿ, ಅಕ್ಕರೆ, ಮಮತೆ, ಮೋಹ, ಕಕ್ಕುಲಾತಿ, ಒಂದೊಂದೇ ನೋಡುತ್ತಾ ಹೋದೆ. ನಿನಗೆ 'ಆಗ್ತಿಲ್ಲ' ಅನ್ನೋದು ಇವುಗಳಲ್ಲಿ ಯಾವುದು ಪುಟ್ಟಾ? ಎದೆ ಹೊಡೆದುಕೊಳ್ಳೋದು, ಊಟ ಸೇರದೇ ಇರೋದು, ಅದನ್ನೇ ಎಲ್ಲರೂ ಹೇಳೋದು ಅಂತ ಕಾಣುತ್ತೆ. ಅದಕ್ಕೆ ಮೋಹ ಅನ್ನುತ್ತಾರೆ. ಅದು ತಪ್ಪು ಅಂತಲ್ಲ. ಕೆಲವರಿಗೆ ಮೊದಲು ಬರುತ್ತೆ, ಕೆಲವರಿಗೆ ಬರೋದೇ ಇಲ್ಲ.

'ಪ್ರೀತಿ ಮಾಡೋಕೆ ಬರಲ್ಲ' ಅಂತ ಬರೆದಿದ್ದೀಯ, ರಂಗೋಲಿ ಹಾಕೋಕೆ ಬರಲ್ಲ ಅನ್ನೋ ಹಾಗೆ. ನಮ್ಮ ಮಾತಿನಲ್ಲಿ 'ನನಗೆ ಹಸಿವು' ಅನ್ನುತ್ತೇವೆ, 'ನನಗೆ ಜ್ವರ' ಅನ್ನುತ್ತೇವೆ. 'ನನಗೆ ಅವನ ಮೇಲೆ ಪ್ರೀತಿ' ಅನ್ನೋದೂ ಹಾಗೇ ಅಲ್ವಾ? ಅದು ಬರೋದು, ನಾವು ಮಾಡೋದಲ್ಲ. 'ಒಲಿ' ಅನ್ನೋ ಮಾತು ನೋಡು. ಯಾರನ್ನೋ ಒಲಿಯೋದಿಲ್ಲ, ಯಾರಿಗೋ ಒಲಿಯೋದು. 12ನೇ ಶತಮಾನದಲ್ಲಿ ಅಕ್ಕಮಹಾದೇವಿ ತನ್ನ ದೇವರ ವಿಚಾರದಲ್ಲಿ ಹೇಳಿದ್ದೂ 'ಒಲಿದೆ' ಅಂತಲೇ. ಸಂಗೀತ ಒಲಿಯಿತು, ವಿದ್ಯೆ ಒಲಿಯಿತು ಅಂತೀವಲ್ಲ, ಅದೂ ಇದೇ ಒಲಿ. ವೀಣೆ ಮುಟ್ಟಿದ ಎರಡನೇ ತಿಂಗಳಿಗೇ 'ನನಗೆ ಒಲಿಯಲ್ಲ' ಅಂದವಳಿಗೆ ಏನು ಹೇಳುತ್ತೀಯ?

ನೋಡು, ಪಾಠ ಶುರು ಮಾಡಿಬಿಟ್ಟೆ. ಹೇಳಬೇಕಿದ್ದದ್ದು ಬೇರೆ.

1976ರಲ್ಲಿ ನನಗೂ ಇದೇ ಭಯ ಇತ್ತು. ಯಾರಿಗೂ ಹೇಳಲಿಲ್ಲ, ನಿಮ್ಮಮ್ಮನಿಗೂ ಹೇಳಲಿಲ್ಲ. ಧಾರವಾಡದ ಮನೆಯಲ್ಲಿ ನಾವು ಪ್ರೀತಿ ಅನ್ನುತ್ತಿರಲಿಲ್ಲ, 'ಜೀವ' ಅನ್ನುತ್ತಿದ್ದೆವು. 'ಅವ್ವಗ ನಿನ್ನ ಮ್ಯಾಲೆ ಭಾಳ ಜೀವ.' ಮದುವೆಯಾಗಿ ಹಾಸನಕ್ಕೆ ಬಂದೆ. ಒಂದು ರಾತ್ರಿ ಧೈರ್ಯ ಮಾಡಿ ನಿನ್ನ ದೊಡ್ಡಪ್ಪನನ್ನ ಕೇಳಿದೆ, "ನನ್ನ ಮ್ಯಾಲೆ ಜೀವ ಇಲ್ಲೇನು ನಿಮಗ?" ಅವರು ನನ್ನ ಮುಖ ನೋಡಿ, "ಜೀವ ಅಂದ್ರೆ?" ಅಂದರು. ನಾನು ಗೋಡೆ ಕಡೆ ತಿರುಗಿ ಮಲಗಿದೆ. ಅವರಿಗೆ ನನ್ನ ಮಾತು ಗೊತ್ತಾಗಿರಲಿಲ್ಲ ಅಷ್ಟೇ. ನಾನು ಅದನ್ನೇ ಉತ್ತರ ಅಂದುಕೊಂಡು ಎಷ್ಟು ವರ್ಷ ಕಳೆದೆ!

ಆ ಮನೆಯಲ್ಲಿ ದಿನಾ ಮುದ್ದೆ, ಅನ್ನ. ನನಗೆ ರೊಟ್ಟಿ ಇಲ್ಲದೆ ಹೊಟ್ಟೆ ತುಂಬುತ್ತಿರಲಿಲ್ಲ. ಅವರು ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ದುಡ್ಡು ಕೊಟ್ಟು ಬಿಳಿಜೋಳ ತರಿಸುತ್ತಿದ್ದರು. ಬೀದಿಯ ಮಿಲ್ಲಿನಲ್ಲಿ ಯಾವಾಗಲೂ ರಾಗಿನೇ ಬೀಸೋದು. ಮೊದಲ ಸಲ ರೊಟ್ಟಿ ತುಂಬಾ ಕಪ್ಪು ಚುಕ್ಕೆ ಬಂತು. ನಾನು ಮುಖ ಸಿಂಡರಿಸಿದೆ. ಮುಂದಿನ ಸಲದಿಂದ ಹಿಟ್ಟು ಬೆಳ್ಳಗೆ ಬರತೊಡಗಿತು. ಜೊತೆಗೆ ಅವರು ಮನೆಗೆ ಬರೋದೂ ತಡವಾಗತೊಡಗಿತು. "ಐದು ಸೇರು ಜೋಳ ಬೀಸಿಸೋಕೆ ಇಷ್ಟು ಹೊತ್ತಾ?" ಅಂತ ಪ್ರತಿ ಸಲ ಬೈದಿದ್ದೇನೆ. ಒಂದು ದಿನವೂ ಎದುರು ಮಾತಾಡಲಿಲ್ಲ. ಅವರು ಹೋದ ಮೇಲೆ, ಡಬ್ಬ ಹಿಡಿದು ನಾನೇ ಮಿಲ್ಲಿಗೆ ಹೋದೆ. ಮಿಲ್ಲಿನವರು ಅಂದರು, "ಸ್ವಲ್ಪ ಕೂತ್ಕೊಳಿ ಅಮ್ಮಾ, ಯಾರಾದ್ರೂ ಅಕ್ಕಿ ತರ್ಲಿ. ಸಾರ್ ಯಾವಾಗ್ಲೂ ಅಕ್ಕಿ ಬೀಸಿದ ಮೇಲೇನೇ ಜೋಳ ಹಾಕಿಸ್ತಿದ್ರು. ಕಲ್ಲಿನಲ್ಲಿ ರಾಗಿ ಉಳಿದಿರಬಾರ್ದು ಅಂತ."

ಆ ಬೆಂಚಿನ ಮೇಲೆ ಕೂತೆ ಅನು. ಅವರು ಅಷ್ಟು ವರ್ಷ ಕೂತಿದ್ದ ಬೆಂಚು. ಅದಕ್ಕೆ ಯಾವ ಪದ ಅಂತ ನಿಘಂಟಿನಲ್ಲಿ ಈಗಲೂ ಹುಡುಕುತ್ತೇನೆ. ಅಕ್ಕರೆ ಅಂದರೆ ಸಾಲದು, ಮೋಹ ಅಲ್ಲವೇ ಅಲ್ಲ. ಅವರಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಸಾರಿನಲ್ಲಿ ನೆನೆಸಿ ನುಂಗುತ್ತಿದ್ದರು. ನಾನು ಅದನ್ನ ನೋಡಿಯೂ ನೋಡಿರಲಿಲ್ಲ.

ಇದನ್ನ ಓದಿ 'ಸರಿ, ಮದುವೆಯಾದ ಮೇಲೆ ತಾನಾಗಿ ಬರುತ್ತೆ' ಅಂದುಕೊಳ್ಳಬೇಡ. ಹಾಗೆ ಹೇಳೋಕೆ ನನಗೆ ಧೈರ್ಯ ಇಲ್ಲ. ಬಾರದೇ ಇರೋ ಮನೆಗಳನ್ನೂ ನೋಡಿದ್ದೇನೆ. ಕಿಟೆಲ್ಲರ ಅದೇ ಪುಟಗಳಲ್ಲಿ ಒಲವಿನ ಹತ್ತಿರವೇ 'ಒಲ್ಲೆ' ಇದೆ. ಎರಡಕ್ಕೂ ಬೇರು ಒಂದೇ, ಒಲ್. "ಇನ್ನೊಂದು ರೊಟ್ಟಿ ಹಾಕ್ಲೇನು?" ಅಂದರೆ ದಿನಕ್ಕೆ ಹತ್ತು ಸಲ 'ಒಲ್ಲೆ' ಅನ್ನುತ್ತಿದ್ದವರು ನಾವು. ದೊಡ್ಡ ವಿಷಯಕ್ಕೆ ಮಾತ್ರ ಆ ಮಾತು ಬಾಯಿಗೆ ಬರೋದಿಲ್ಲ. ನಿನ್ನ ಒಳಗೆ ಇರೋದು 'ಇನ್ನೂ ಏನೂ ಆಗಿಲ್ಲ' ಅನ್ನೋದಾ, 'ಒಲ್ಲೆ' ಅನ್ನೋದಾ? ನಿನ್ನ ಸಾಲನ್ನ ಎಷ್ಟು ಸಲ ಓದಿದರೂ ನನಗೆ ಗೊತ್ತಾಗುತ್ತಿಲ್ಲ. ಪ್ರೀತಿ ಮಾಡೋಕೆ ಬರದವಳಲ್ಲ ನೀನು, ಅದೊಂದು ಗೊತ್ತು. ನಿನ್ನಜ್ಜಿ ಕೊನೆಯ ತಿಂಗಳಲ್ಲಿ ನೀನು ಬಾಚಿದರೆ ಮಾತ್ರ ತಲೆ ಕೊಡುತ್ತಿದ್ದಳು.

ಏನು ಮಾಡಬೇಕು ಅಂತ ಹೇಳೋಕೆ ನಾನು ಯಾರು? ಆದರೂ ಬರೆಯುತ್ತೇನೆ, ಬೇಜಾರಾದರೆ ಬಿಟ್ಟುಬಿಡು. ಫೋನಿನಲ್ಲಿ ಮಾತಾಡಿ ಅಳೆಯಬೇಡ. ಅವನ ಜೊತೆ ಒಂದು ದಿನ ಸುಮ್ನೆ ತರಕಾರಿ ತರೋಕೆ ಹೋಗು, ಯಾವುದಾದರೂ ಸಾಲಿನಲ್ಲಿ ಅರ್ಧ ಗಂಟೆ ನಿಲ್ಲಿ. ಮಾತು ಮುಗಿದ ಮೇಲೆ ಅವನ ಪಕ್ಕದಲ್ಲಿ ನಿಂತಿರೋದು ಹೇಗನ್ನಿಸುತ್ತೆ, ಅಷ್ಟು ನೋಡು. ಅವನ ಮನೆಮಾತಿನಲ್ಲಿ ಯಾವ ಪದ ಬಳಸುತ್ತಾರೆ ಅಂತಲೂ ಕೇಳು. ನಾನು ಅದನ್ನ ಕೇಳಲಿಲ್ಲ.

'ಒಲ್ಲೆ' ಅಂತಿದ್ದರೆ ನನಗೆ ಮೊದಲು ಬರಿ. ಛತ್ರಕ್ಕೆ ಕೊಟ್ಟ ಮುಂಗಡದ ಬಗ್ಗೆ ಯೋಚಿಸಬೇಡ, ಅದು ನನ್ನ ಪಿಂಚಣಿಯಿಂದ ಹೋಗಲಿ. ನಿಮ್ಮಮ್ಮನ ಹತ್ತಿರ ನಾನೇ ಮಾತಾಡುತ್ತೇನೆ.

ಇನ್ನೊಂದು ಕೇಳಬೇಕು. ಆ ಸಾಲಿನ ಶಾಯಿ ಬೇರೆ ಬಣ್ಣದ್ದು. ಪತ್ರ ಮುಗಿಸಿ, ಆಮೇಲೆ ಯಾವಾಗಲೋ ಎದ್ದು ಬರೆದಿದ್ದೀಯ. ಆಗ ರಾತ್ರಿ ಎಷ್ಟು ಹೊತ್ತಾಗಿತ್ತು ಪುಟ್ಟಾ? ನಿದ್ದೆ ಬರ್ತಾ ಇದೆಯಾ ನಿನಗೆ?

ನಿನ್ನ,
ದೊಡ್ಡಮ್ಮ